ದಾದಿಯ ಮೂವತ್ತು ಪಾರಾಗಳು

ಭಾಂಡುಪ್ ಸ್ಟೇಷನ್ನಿಗೆ ಬೆನ್ನು ಮಾಡಿ ಗುಡ್ಡದ ಕಡೆಗೆ ನಡೆದರೆ, ರಸ್ತೆ ಕಡಿದಾಗುವ ಜಾಗದಲ್ಲಿ ನಮ್ಮ ಚಾಳ್, ಅಂದರೆ ಸಾಲುಕೋಣೆಗಳ ವಠಾರ, ಇತ್ತು. ನಮ್ಮದು ಒಂದೂವರೆ ಕೋಣೆಯ ಮನೆ. ಒಂದು ಕೋಣೆಯಲ್ಲಿ ಅಬ್ಬಾ, ಅಮ್ಮಿ, ದಾದಿ, ನಾನು ನಾಲ್ವರೂ ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು, ಬಂದವರನ್ನು ಕೂರಿಸಿಕೊಳ್ಳುತ್ತಿದ್ದೆವು. ಉಳಿದ ಅರ್ಧದಲ್ಲಿ ಅಡುಗೆ, ಪಾತ್ರೆ, ಸ್ನಾನ ಎಲ್ಲ. ದಾದಿ ಎಂದರೆ ಅಬ್ಬಾನ ತಾಯಿ. ಅವಳಿಗೆ ಇಡೀ ಕುರಾನ್ ಬಾಯಿಪಾಠ ಬರುತ್ತಿತ್ತು, ಆದರೆ ಒಂದಕ್ಷರವನ್ನೂ ಓದಲು ಬರುತ್ತಿರಲಿಲ್ಲ. ನನಗೆ ಬುದ್ಧಿ ತಿಳಿಯುವ ಮೊದಲಿನಿಂದಲೂ ಅವಳು ಹಾಗೇ ಇದ್ದುದರಿಂದ ಅದರಲ್ಲಿ ಆಶ್ಚರ್ಯಪಡುವಂಥದ್ದೇನಾದರೂ ಇದೆಯೆಂದು ನನಗೆ ಬಹಳ ವರ್ಷ ಅನ್ನಿಸಲೇ ಇಲ್ಲ. ಕುರಾನನ್ನು ಸರಿಸುಮಾರು ಒಂದೇ ಅಳತೆಯ ಮೂವತ್ತು ಭಾಗ ಮಾಡಿದ್ದಾರೆ. ಒಂದೊಂದನ್ನು ಪಾರಾ ಅನ್ನುತ್ತೇವೆ. ದಾದಿಗೆ ದಿನಕ್ಕೊಂದು ಪಾರಾ ಆಗಲೇಬೇಕು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಅವಳ ದನಿ ಶುರುವಾಗುತ್ತಿತ್ತು. ಅರ್ಧ ಪಾರಾ ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಮುಗಿಯುತ್ತಿತ್ತು, ಕಾಲು ಪಾರಾ ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆಯುವಾಗ, ಉಳಿದದ್ದು ಮಧ್ಯಾಹ್ನ ಗೋಡೆಗೆ ಒರಗಿ ಕೂತಾಗ. ದೊಡ್ಡ ಆಯತ್, ಅಂದರೆ ಉದ್ದ ವಾಕ್ಯ, ಬಂದ ದಿನ ಜಡೆ ಬಿಗಿಯಾಗಿ ಹಣೆ ಎಳೆಯುತ್ತಿತ್ತು. ದಿನಾ ಯಾಕೆ ಹೇಳಬೇಕು, ನಿನಗೆ ಬರುತ್ತದಲ್ಲ ಎಂದು ಒಮ್ಮೆ ಕೇಳಿದ್ದೆ.

“ದಿನಾ ಮಾತಾಡಸದಿದ್ರ ಸಿಟ್ಟ ಮಾಡ್ಕೊಂಡು ಹೋಗಿಬಿಡ್ತದ,” ಅಂದಳು, ಪಕ್ಕದ ಊರಿನ ನೆಂಟರ ಬಗ್ಗೆ ಹೇಳುವಂತೆ.

ಅವಳು ಕಲಿತ ಬಗೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ವಿಜಾಪುರದ ಹತ್ತಿರದ ಹಳ್ಳಿಯಲ್ಲಿ ಅವಳ ಅಪ್ಪ ಮಸೀದಿಯ ಪಡಸಾಲೆಯಲ್ಲಿ ಗಂಡುಹುಡುಗರಿಗೆ ಕುರಾನ್ ಬಾಯಿಪಾಠ ಮಾಡಿಸುತ್ತಿದ್ದರು. ಪಡಸಾಲೆಗೂ ಅವರ ಮನೆಯ ಅಡುಗೆಕೋಣೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಆಚೆ ಹುಡುಗರು ಹೇಳುತ್ತಿದ್ದರೆ ಈಚೆ ಇವಳು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಒಂದು ದಿನ ಒಬ್ಬ ಹುಡುಗ ಒಂದು ಕಡೆ ನಿಂತುಬಿಟ್ಟ. ಎಷ್ಟು ಹೊತ್ತಾದರೂ ಮುಂದಿನ ಮಾತು ಬರಲೊಲ್ಲದು. ಒಲೆಯ ಮೇಲಿನ ರೊಟ್ಟಿ ತಿರುವುತ್ತ ಇವಳು ತನಗೇ ತಿಳಿಯದಂತೆ ಮುಂದಿನ ಆಯತ್ತನ್ನು ಹೇಳಿಬಿಟ್ಟಳು. ಅಪ್ಪ ಎದ್ದು ಒಳಗೆ ಬಂದಾಗ ಬೈಗುಳ ಖಂಡಿತ ಅಂದುಕೊಂಡು ಇವಳು ತಲೆ ತಗ್ಗಿಸಿ ಕೂತಳು. ಅವರು ಬೈಯಲಿಲ್ಲ. ಅದರ ಮುಂದಿನದು ಏನು, ಅದರ ಮುಂದಿನದು ಏನು ಎಂದು ಕೇಳುತ್ತ ಹೋದರು, ರೊಟ್ಟಿ ಸೀದುಹೋಯಿತು. ಮರುದಿನದಿಂದ ಊಟವಾದ ಮೇಲೆ ಅವಳಿಗೆ ಬೇರೆ ಪಾಠ. ಹದಿನಾಲ್ಕಕ್ಕೆ ಮುಗಿಯಿತು, ಹದಿನೈದಕ್ಕೆ ಮದುವೆಯಾಯಿತು. ಅಕ್ಷರ ಕಲಿಸಲು ಹೊತ್ತು ಸಿಗಲಿಲ್ಲ.

ಅಬ್ಬಾನ ಜೀವನ ಪೂರ್ತಿ ಕಾಗದದ ಜೊತೆ. ಪರೇಲಿನ ಒಂದು ಬೈಂಡಿಂಗ್ ಕಾರ್ಖಾನೆಯಲ್ಲಿ ಅವರು ಪುಸ್ತಕ ಹೊಲಿಯುತ್ತಿದ್ದರು. ಭಾನುವಾರ ಮಾತ್ರ ಮನೆಯಲ್ಲಿ. ಆ ದಿನ ಸುತ್ತಮುತ್ತಲಿನ ಮಸೀದಿಗಳಿಂದ ಹರಿದ ಕುರಾನ್ ಪ್ರತಿಗಳು ನಮ್ಮ ಮನೆಗೆ ಬರುತ್ತಿದ್ದವು. ಅಮ್ಮಿ ಮೈದಾ ಹಿಟ್ಟಿಗೆ ಹುಳ ಹಿಡಿಯದಂತೆ ಚೂರು ಮೈಲುತುತ್ತ ಹಾಕಿ ಅಂಟು ಕಾಯಿಸಿಕೊಡುತ್ತಿದ್ದಳು. ಅಬ್ಬಾ ಹಳೆಯ ಹೊಲಿಗೆ ಬಿಚ್ಚಿ, ಪ್ರತಿ ಹಾಳೆಯನ್ನೂ ಒರೆಸಿ, ಕ್ರಮ ನೋಡಿ ಮತ್ತೆ ಹೊಲಿಯುತ್ತಿದ್ದರು. ದುರಸ್ತಿಗೆ ಬಾರದ ಹಾಳೆಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟು, ಮಸೀದಿಯವರ ಜೊತೆ ಹೋಗಿ ತುಳಿಯದ ಜಾಗದಲ್ಲಿ ಮಣ್ಣು ಮಾಡಿ ಬರುತ್ತಿದ್ದರು. ಅವರು ಹೆಚ್ಚು ಮಾತಿನವರಲ್ಲ. ಆದರೆ ಹಾಳೆಗಳ ಕ್ರಮ ತಪ್ಪಿದ ಪುಸ್ತಕ ಕೈಗೆ ಬಂದರೆ, ಅದನ್ನು ಹೊಲಿದವನ ಮೇಲೆ ಅರ್ಧ ಗಂಟೆ ಮಾತಾಡುತ್ತಿದ್ದರು.

ಮನೆಯ ಮಾತು ದಖನಿ ಉರ್ದು. ಆದರೆ ದಾದಿಗೆ ಕತೆ ಹೇಳಲಿಕ್ಕೆ ಮತ್ತು ಸಿಟ್ಟಾಗಲಿಕ್ಕೆ ವಿಜಾಪುರದ ಕನ್ನಡವೇ ಬೇಕು. ನಾನು ಹೋಗುತ್ತಿದ್ದುದು ಮುನ್ಸಿಪಾಲ್ಟಿಯ ಕನ್ನಡ ಶಾಲೆಗೆ. ಹತ್ತಿರವಿತ್ತು, ಅಬ್ಬಾನೂ ಚಿಕ್ಕಂದಿನಲ್ಲಿ ಕನ್ನಡವನ್ನೇ ಓದಿದವರು. ಅಲ್ಲಿ ಅಕ್ಷರ ಕಲಿತ ಹುಮ್ಮಸ್ಸಿನಲ್ಲಿ ನಾನು ಏಳು ವರ್ಷದವಳಿದ್ದಾಗ ಒಂದು ಜಾಣತನ ಮಾಡಿದೆ. ದಾದಿ ಹೇಳಿಕೊಡುತ್ತಿದ್ದ ಪುಟ್ಟ ಅಧ್ಯಾಯಗಳನ್ನು ಶಾಲೆಯ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಕದ್ದು ನೋಡಿ ಉರು ಹೊಡೆದೆ. ಮಕ್ಕಳಿಗೆ ಮೊದಮೊದಲು ಕಲಿಸುವ ಅಧ್ಯಾಯವೊಂದು ‘ಕುಲ್’ ಎಂಬ ಮಾತಿನಿಂದ ಶುರುವಾಗುತ್ತದೆ. ನಾನು ಒಂದೇ ಉಸಿರಿಗೆ ಒಪ್ಪಿಸಿದೆ. ದಾದಿ ಎಣ್ಣೆಯ ಕೈಯನ್ನು ತಲೆಯಿಂದ ತೆಗೆದಳು.

“ಇದನ್ನ ಯಾರ ಬಾಯಿಂದ ಕಲತಿ?”

“ನಿಂದೇ.”

“ನನ್ನ ಬಾಯಾಗ ಹೀಂಗ ಇಲ್ಲ. ನೀ ಎಲ್ಲೋ ಬರಕೊಂಡೀ. ಗಂಟಲದಾಗಿಂದ ಬರಬೇಕಾದದ್ದು ನಾಲಿಗಿ ಮ್ಯಾಲಿಂದ ಬಂತು. ಅಲ್ಲಿ ಅಲ್ಲಾಹ್ ‘ಹೇಳು’ ಅಂದಾನ. ನೀ ‘ತಿನ್ನು’ ಅಂದಿ.”

ಅರಬಿಯಲ್ಲಿ ಎರಡು ಬೇರೆ ಬೇರೆ ಅಕ್ಷರಗಳು. ಕನ್ನಡದಲ್ಲಿ ಎರಡಕ್ಕೂ ನಮ್ಮಲ್ಲಿರುವುದು ಒಂದೇ ಕಕಾರ. ಓದಲು ಬಾರದ ದಾದಿ ನನ್ನ ನೋಟ್‌ಬುಕ್ಕನ್ನು ಕಣ್ಣಿಂದ ನೋಡದೆ, ಕಿವಿಯಿಂದ ಹಿಡಿದಳು. ಆ ಪುಟಗಳನ್ನು ಅಬ್ಬಾನ ಬಿಳಿ ಬಟ್ಟೆಯ ಗಂಟಿಗೆ ಸೇರಿಸಿದಳು. ನನ್ನ ಬರವಣಿಗೆಗೆ ಅಷ್ಟು ಮರ್ಯಾದೆ ಆಮೇಲೆ ಎಂದೂ ಸಿಗಲಿಲ್ಲ. ಮುಂದೆ ಎರಡು ವರ್ಷ ದಾದಿ ಬಾಯಿಯಿಂದಲೂ ಅಬ್ಬಾ ಪುಸ್ತಕದಿಂದಲೂ ಕಲಿಸಿ, ಹತ್ತು ತುಂಬುವಷ್ಟರಲ್ಲಿ ಅಚ್ಚಾದ ಕುರಾನನ್ನು ಮೊದಲಿಂದ ಕೊನೆಯವರೆಗೆ ನೋಡಿ ಓದುವಷ್ಟು ಮಾಡಿದರು.

ಪ್ರತಿ ರಮಜಾನಿನಲ್ಲಿ ಮಧ್ಯಾಹ್ನದ ನಮಾಜಿನ ನಂತರ ಚಾಳಿನ ಮುಸ್ಲಿಂ ಹೆಂಗಸರು ನಮ್ಮ ಕೋಣೆಯಲ್ಲಿ ಸೇರುತ್ತಿದ್ದರು. ದಾದಿ ದಿನಕ್ಕೊಂದರಂತೆ ಒಂದೊಂದೇ ಪಾರಾ ಹೇಳಿ, ತಿಂಗಳ ಕೊನೆಗೆ ಇಡೀ ಕುರಾನ್ ಮುಗಿಸುತ್ತಿದ್ದಳು. ಹೇಳುವವರು ತಪ್ಪಿದರೆ ತಡೆದು ಸರಿಯಾದ ಮಾತು ಎತ್ತಿಕೊಡುವುದಕ್ಕೆ ‘ಲುಕ್ಮಾ ಕೊಡುವುದು’ ಅನ್ನುತ್ತಾರೆ. ಲುಕ್ಮಾ ಎಂದರೆ ತುತ್ತು. ಹಾಗೆ ತುತ್ತು ಕೊಡಲು ಯಾರಾದರೂ ಪುಸ್ತಕ ನೋಡುತ್ತ ಎದುರಿಗೆ ಕೂರಬೇಕು. ಅಲ್ಲಿಯವರೆಗೆ ಅಮ್ಮಿ ಆ ಕೆಲಸ ಮಾಡುತ್ತಿದ್ದಳು. ನನಗೆ ಹತ್ತಾದ ವರ್ಷ ರಮಜಾನ್ ಮೇ ತಿಂಗಳ ರಜೆಯಲ್ಲಿ ಬಂತು, ದಾದಿ ಆ ಜಾಗಕ್ಕೆ ನನ್ನನ್ನು ಕೂರಿಸಿದಳು. ಹೆಮ್ಮೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ಆ ವರ್ಷ ಮನೆಯಲ್ಲಿ ಒಂದು ಜಗಳ ನಡೆಯುತ್ತಿತ್ತು. ಅಬ್ಬಾನ ಅಕ್ಕ, ನನ್ನ ಫೂಫು, ದಹಿಸರ್‌ನಲ್ಲಿ ಇದ್ದಳು. ವಾರಕ್ಕೊಮ್ಮೆ ಬಂದು ತಾಯಿಯನ್ನು ನೋಡಿ ಹೋಗುತ್ತಿದ್ದಳು. ಬಂದಾಗಲೆಲ್ಲ ದಾದಿಯ ಮರೆವು ಅವಳ ಕಣ್ಣಿಗೆ ಬೀಳುತ್ತಿತ್ತು. ದಾದಿ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳು. ನನ್ನನ್ನು ರಜ್ಜು ಅನ್ನುವ ಬದಲು ಫೂಫುವಿನ ಹೆಸರಿನಿಂದ ಕರೆದಿದ್ದಳು. ಹಾಲು ಒಲೆಗಿಟ್ಟು ಮಾತಿಗೆ ಕೂತಿದ್ದಳು. ರಮಜಾನ್ ಶುರುವಾಗುವ ಹಿಂದಿನ ಭಾನುವಾರ ಫೂಫು ಒಂದು ಟೇಪ್ ರೆಕಾರ್ಡರ್ ಹೊತ್ತುಕೊಂಡು ಬಂದಳು. ಗಲ್ಫಿನಲ್ಲಿದ್ದ ಮೈದುನ ಕಳಿಸಿದ್ದು. ಜೊತೆಗೆ ಒಬ್ಬ ಅರಬ್ ಹಾಫಿಜರ, ಅಂದರೆ ಇಡೀ ಕುರಾನ್ ಬಾಯಿಪಾಠ ಬರುವವರ, ಮೂವತ್ತು ಕ್ಯಾಸೆಟ್ಟುಗಳು. ದಾದಿ ನೆರೆಮನೆಗೆ ಹೋಗಿದ್ದ ಹೊತ್ತು ನೋಡಿ ಅಬ್ಬಾನಿಗೆ ಹೇಳಿದಳು:

“ಈ ವರ್ಷ ಹೆಣ್ಮಕ್ಕಳಿಗೆ ಇದನ್ನ ಹಚ್ಚಿ ಕೇಳಸು. ಅಮ್ಮಾಗ ಇನ್ನ ಸಾಕು. ಮಂದಿ ಮುಂದ ತಪ್ಪಿದ್ರ ಆಕಿಗೂ ಅವಮಾನ, ಕೇಳೋರಿಗೂ ಪಾಪ.”

“ಆಕಿಗೆ ಬ್ಯಾಡ ಅಂತ ಯಾರು ಹೇಳೋರು? ನೀ ಹೇಳ್ತಿ?” ಅಬ್ಬಾ ಅಂಟು ಹಚ್ಚುತ್ತಲೇ ಕೇಳಿದರು.

“ಒಂದ ತಪ್ಪು ಸಿಗಲಿ. ನಾನ ಹೇಳ್ತೀನಿ.”

ಮೂಲೆಯಲ್ಲಿ ಹಾಳೆ ಒರೆಸುತ್ತ ಕೂತಿದ್ದ ನಾನು ಇದೆಲ್ಲ ಕೇಳಿಸಿಕೊಂಡೆ. ಒಂದೇ ಒಂದು ತಪ್ಪು ಸಿಕ್ಕರೆ ದಾದಿಯ ಜಾಗದಲ್ಲಿ ಆ ಪೆಟ್ಟಿಗೆ ಬಂದು ಕೂರುತ್ತದೆ ಎಂದು ನನಗೆ ಅರ್ಥವಾಯಿತು.

ನಾಲ್ಕನೆಯ ದಿನ ತಪ್ಪು ಸಿಕ್ಕಿತು. ಒಂದು ಆಯತ್ತಿನ ಕೊನೆಯಲ್ಲಿ ನನ್ನ ಬೆರಳಿನ ಕೆಳಗೆ ‘ಗಫೂರುರ್ರಹೀಮ್’ ಎಂದಿತ್ತು. ದಾದಿ ‘ಅಜೀಜುನ್ ಹಕೀಮ್’ ಎಂದು ಹೇಳಿ ಮುಂದೆ ಹೋದಳು. ಮೊದಲನೆಯದು ಕ್ಷಮಿಸುವವನು, ಕರುಣಾಳು. ಎರಡನೆಯದು ಪ್ರಬಲನು, ವಿವೇಕಿ. ಕುರಾನಿನಲ್ಲಿ ಇಂಥ ಕೊನೆಗಳು ಮತ್ತೆ ಮತ್ತೆ ಬರುತ್ತವೆ, ಒಂದರ ಜಾಗದಲ್ಲಿ ಇನ್ನೊಂದು ನುಸುಳಿಬಿಡುವುದು ಎಂಥ ಹಾಫಿಜರಿಗೂ ಆಗುವಂಥದ್ದು. ನನ್ನ ಬಾಯಿ ತೆರೆಯಿತು, ಮುಚ್ಚಿಕೊಂಡಿತು. ಎರಡೂ ಅಲ್ಲಾಹನ ಹೆಸರುಗಳೇ ತಾನೇ, ಅವನಿಗೇನೂ ಬೇಜಾರಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಮ್ಮೆ ಸುಮ್ಮನಿದ್ದ ಮೇಲೆ ಎರಡನೆಯ ಸಲ ಸುಲಭವಾಯಿತು. ಆರನೆಯ ದಿನ ಒಂದು, ಒಂಬತ್ತಕ್ಕೆ ಇನ್ನೊಂದು, ಆಮೇಲೆ ಲೆಕ್ಕ ಇಡುವುದನ್ನೂ ಬಿಟ್ಟೆ. ದಾದಿ ಪ್ರತಿದಿನ ಮುಗಿಸಿದ ಮೇಲೆ ನನ್ನ ಕಡೆ ತಿರುಗಿ ಕೇಳುತ್ತಿದ್ದಳು, ಎಲ್ಲಾ ಸರಿ ಇತ್ತೇನು ಎಂದು. ನಾನು ಹೌದೆಂದು ತಲೆ ಆಡಿಸುತ್ತಿದ್ದೆ. ಅವಳ ಮುಖ ಅರಳುತ್ತಿತ್ತು. ಆ ಮುಖ ನೋಡಿ ನಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಿದ್ದೆ.

ನಮ್ಮ ಪಕ್ಕದ ಕೋಣೆಯಲ್ಲಿ ಗಿರಿಜಕ್ಕ ಇದ್ದಳು. ಉಡುಪಿ ಕಡೆಯವಳು, ಗಂಡ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಡುಗೆ ಭಟ್ಟ. ಇವಳು ಮಧ್ಯಾಹ್ನ ಮಲ್ಲಿಗೆ ಕಟ್ಟಿ ಸಂಜೆ ಮಾರುಕಟ್ಟೆಗೆ ಕೊಡುತ್ತಿದ್ದಳು. ನಡುವೆ ಇದ್ದದ್ದು ಹಲಗೆಯ ಗೋಡೆ, ಹಾಗಾಗಿ ಹನ್ನೆರಡು ವರ್ಷಗಳಿಂದ ದಾದಿಯ ರಮಜಾನ್ ಅವಳ ರಮಜಾನೂ ಆಗಿತ್ತು. ಇಪ್ಪತ್ತೇಳನೆಯ ಪಾರಾದಲ್ಲಿ ಒಂದು ಅಧ್ಯಾಯವಿದೆ. ಅದರಲ್ಲಿ ಒಂದೇ ಸಾಲು ಮೂವತ್ತೊಂದು ಸಲ ಮರಳಿ ಮರಳಿ ಬರುತ್ತದೆ. ನಿಮ್ಮ ಒಡೆಯನ ಯಾವ ವರವನ್ನು ತಾನೇ ನೀವು ಅಲ್ಲಗಳೆಯುತ್ತೀರಿ ಎಂದು ಅದರ ಅರ್ಥ. ಅರಬಿ ತಿಳಿಯದವರ ಕಿವಿಯಲ್ಲೂ ಅದು ಉಳಿದುಬಿಡುತ್ತದೆ. ಇಪ್ಪತ್ತೇಳನೆಯ ದಿನ ದಾದಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಜಾರಿ, ನಡುವಿನ ದೊಡ್ಡ ತುಂಡನ್ನೇ ಬಿಟ್ಟು ಮುಂದೆ ಹೋದಳು. ನನ್ನ ಬೆರಳು ಪುಟದ ಮೇಲೇ ಉಳಿಯಿತು. ತಲೆ ಎತ್ತಿ ನೋಡಿದೆ. ಅಧ್ಯಾಯ ಗೊತ್ತಿದ್ದ ಮೂರು ನಾಲ್ಕು ಹೆಂಗಸರು ಒಬ್ಬರನ್ನೊಬ್ಬರು ನೋಡಿ ಕಣ್ಣು ತಗ್ಗಿಸಿದರು. ಅಂದು ಬಂದಿದ್ದ ಫೂಫುವೂ ನೋಡಿದಳು, ಆದರೆ ಅಷ್ಟು ಜನರ ಮುಂದೆ ಅವಳಿಗೂ ಬಾಯಿ ಬರಲಿಲ್ಲ. ಪಾರಾ ಮುಗಿಯಿತು. ದಾದಿ ನನ್ನ ಕಡೆ ತಿರುಗಿದಳು, ನಾನು ತಲೆ ಆಡಿಸಿದೆ. ಅಷ್ಟರಲ್ಲಿ ಗಿರಿಜಕ್ಕ ಹೂವಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಾಗಿಲಲ್ಲಿ ನಿಂತು, ಏನೂ ತಿಳಿಯದೆ ಕೇಳಿದಳು:

“ಎಂತ ದಾದಿ, ಇವತ್ತು ಆ ಮತ್ತೆ ಮತ್ತೆ ಬರುವ ಸಾಲು ಬೇಗ ಮುಗಿಸಿದ್ರಲ್ಲ? ಪ್ರತಿ ವರ್ಷ ಅದು ಮುಗಿಯುವಾಗ ನಂದು ಒಂದು ಮೊಳ ಹೂ ಆಗ್ತದೆ. ಇವತ್ತು ಅರ್ಧ ಮೊಳ ಸಹ ಆಗ್ಲಿಲ್ಲ. ಹುಷಾರಿಲ್ವಾ?”

ದಾದಿ ಗಿರಿಜಕ್ಕನನ್ನು ನೋಡಿದಳು, ಹೆಂಗಸರ ತಗ್ಗಿದ ತಲೆಗಳನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಬಿಟ್ಟ ತುಂಡನ್ನು ಅಲ್ಲೇ ಕೂತು ಮತ್ತೆ ಹೇಳಿದಳು, ಒಂದೂ ತಪ್ಪಿಲ್ಲದೆ. ನಂತರ ಎಲ್ಲರಿಗೂ ಹೋಗಿ ಬರ್ರಿ ಅಂದಳು.

ಹೆಂಗಸರು ಹೋದ ಮೇಲೆ ಅವಳು ನನ್ನ ಮುಂದೆ ಕೂತು ಕೇಳಿದಳು.

“ಇವತ್ತಷ್ಟೇನ, ಮೊದಲೂ ಆಗೇದ?”

“ಮೊದಲೂ.”

“ಎಷ್ಟು ಕಡೆ?”

“ಗೊತ್ತಿಲ್ಲ.”

“ಗುರ್ತು ಮಾಡೀಯೇನು?”

“ಇಲ್ಲ.”

ನನಗೆ ಅಳು ಬಂತು. ಫೂಫು ಪೆಟ್ಟಿಗೆ ತಂದಿದ್ದಾಳೆ, ನಿನ್ನನ್ನು ನಿಲ್ಲಿಸುತ್ತಾರೆ, ಅದಕ್ಕೇ ಸುಮ್ಮನಿದ್ದೆ ಎಂದು ಬಿಕ್ಕುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಫೂಫುವಿನ ಮುಖ ಕಪ್ಪಿಟ್ಟಿತು. ದಾದಿ ಅವಳಿಗೂ ಕೂರಲು ಹೇಳಿದಳು. ಉಪವಾಸ ಬಿಡಲು ಇನ್ನೂ ಎರಡು ಗಂಟೆ ಇತ್ತು. ಅಮ್ಮಿ ಭಜಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಬೈಗುಳಕ್ಕೆ ನಾನು ಕಾಯುತ್ತಿದ್ದೆ, ದಾದಿ ಕತೆ ಶುರು ಮಾಡಿದಳು.

“ಪೈಗಂಬರ್ ಸಾಹೇಬ್ರು ಇದ್ದಾಗ ಕುರಾನ್ ಹೀಂಗ ಒಂದು ಪುಸ್ತಕ ಆಗಿದ್ದಿಲ್ಲ. ಇಪ್ಪತ್ತಮೂರು ವರ್ಷ ಸ್ವಲ್ಪ ಸ್ವಲ್ಪ ಇಳದು ಬಂತು. ಬಂದಂಗ ಬಂದಂಗ ಮಂದಿ ಬಾಯಿಪಾಠ ಮಾಡಿದ್ರು. ಬರೀಲಿಕ್ಕ ಬರೋರು ಸಿಕ್ಕದ್ದರ ಮ್ಯಾಲ ಬರದಿಟ್ರು. ಖರ್ಜೂರದ ಗರಿಯ ದಿಂಡು, ಚರ್ಮದ ತುಂಡು, ಚಪ್ಪಟ ಬಿಳಿ ಕಲ್ಲು, ಒಂಟಿಯ ಭುಜದ ಎಲುಬು.”

ಒಂಟೆಯ ಎಲುಬಿನ ಮೇಲೆ ಬರೆಯುತ್ತಿದ್ದರು ಎಂದು ಕೇಳಿ ನನ್ನ ಅಳು ಅಲ್ಲಿಗೇ ನಿಂತಿತು.

“ಸಾಹೇಬ್ರು ತೀರಿಕೊಂಡ್ರು. ಆಮ್ಯಾಲ ಯಮಾಮಾ ಅನ್ನೋ ಕಡೆ ದೊಡ್ಡ ಯುದ್ಧ ಆತು. ಕುರಾನ್ ಬಾಯಾಗ ಇದ್ದವರು ಭಾಳ ಮಂದಿ ಅಲ್ಲೇ ಬಿದ್ರು. ಆವಾಗ ಹಜರತ್ ಉಮರ್ ಅವರಿಗೆ ಹೆದರಿಕಿ ಆತು. ಹೀಂಗ ಒಬ್ಬೊಬ್ರು ಹೋದ್ರ ಕುರಾನಿನ ಗತಿ ಏನು ಅಂತ. ಮೊದಲ ಖಲೀಫಾ ಆಗಿದ್ದ ಹಜರತ್ ಅಬೂಬಕರ್ ಅವರ ಕಡೆ ಹೋಗಿ, ಎಲ್ಲಾ ಒಂದು ಕಡೆ ಕೂಡಸರಿ ಅಂದ್ರು. ಅವರು ಒಮ್ಮಿಗೇ ಒಪ್ಪಲಿಲ್ಲ. ಸಾಹೇಬ್ರು ಮಾಡದ ಕೆಲಸ ನಾ ಹ್ಯಾಂಗ ಮಾಡ್ಲಿ ಅಂದ್ರು. ಉಮರ್ ಬಿಡಲಿಲ್ಲ. ಕಡೀಕೆ ಇಬ್ಬರೂ ಕೂಡಿ ಜೈದ್ ಅನ್ನೋ ಹುಡುಗನ್ನ ಕರಸಿದ್ರು. ಸಾಹೇಬ್ರ ಹತ್ರ ಕೂತು ಬರಕೊಂಡಾವ. ಅವಗ ಇದಕ್ಕಿಂತ ಒಂದು ಗುಡ್ಡ ಎತ್ತಿ ಇಡೋದು ಹಗುರ ಅನಸ್ತಂತ.”

“ಅವನಿಗೆ ಬಾಯಿಪಾಠ ಬರ್ತಿರ್ಲಿಲ್ವಾ?” ಎಂದು ಕೇಳಿದೆ.

“ಬರ್ತಿತ್ತು. ಅದನ್ನ ಹೇಳಾಕ ಹತ್ತೀನಿ. ಮನಿಯಾಗ ಕೂತು ತನ್ನ ನೆನಪಿಂದ ಸರಸರ ಬರದು ಕೊಡಬಹುದಿತ್ತು. ಕೊಡಲಿಲ್ಲ. ಮಸೀದಿಯಾಗ ಕೂತ. ಯಾರ ಕಡೆ ಏನ ಬರದದ್ದು ಅದ ತರ್ರಿ ಅಂದ. ತಂದದ್ದನ್ನ ಹಾಂಗ ತಗೊಳಲಿಲ್ಲ, ಇಬ್ಬರು ಸಾಕ್ಷಿ ಕೇಳಿದ. ಬರದದ್ದನ್ನ ಬಾಯಿಗೆ ಹಚ್ಚಿ ನೋಡಿದ, ಬಾಯಾಗಿಂದನ್ನ ಬರದದ್ದಕ್ಕ ಹಚ್ಚಿ ನೋಡಿದ. ಒಂದು ಅಧ್ಯಾಯದ ಕೊನೀ ಮಾತು ಎಲ್ಲಾರ ಬಾಯಾಗ ಇದ್ರೂ ಬರದದ್ದು ಒಬ್ಬರ ಕಡೆ ಅಷ್ಟ ಸಿಕ್ತು. ಅದನ್ನ ಸಿಗೋತನಕ ಹುಡುಕಿದ. ತನ್ನ ನೆನಪ ಮ್ಯಾಲ ತಾನ ನಂಬಿಕಿ ಇಡಲಿಲ್ಲ, ರಜ್ಜು. ನಾ ಜೈದ್‌ಗಿಂತ ದೊಡ್ಡಾಕಿ ಏನು?”

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

“ನೀ ಸುಮ್ಮನಿದ್ದದ್ದು ನನ್ನ ಮ್ಯಾಲಿನ ಪ್ರೀತಿಗೆ. ಆದ್ರ ಕ್ಷಮಿಸಾಂವ ಅನ್ನೋ ಕಡೆ ನಾ ಪ್ರಬಲ ಅಂದ್ರ, ಅದು ಅಲ್ಲಾಹನ ಮಾತಲ್ಲ, ನನ್ನ ಮಾತು. ನನ್ನ ಮಾತು ಕೇಳಾಕ ಆ ಹೆಣ್ಮಕ್ಕಳು ಉಪಾಸ ಇದ್ದು ಬಿಸಲಾಗ ಬರ್ತಾರೇನು?”

ಫೂಫು ಮೆಲ್ಲಗೆ ಅಂದಳು, “ಅದಕ್ಕ ಅಮ್ಮಾ, ನಾ ಕ್ಯಾಸೆಟ್ ತಂದದ್ದು.”

“ಕ್ಯಾಸೆಟ್ ಛಲೋ ಅದ. ಕೇಳೋಣ. ಆದ್ರ ಅದು ನಿನ್ನ ತಪ್ಪು ತಿದ್ದಂಗಿಲ್ಲ, ನೀ ಅದರ ಮುಂದ ಹೇಳಿದ್ರೂ ಅದಕ್ಕ ಕೇಳಸಂಗಿಲ್ಲ,” ಅಂದಳು ದಾದಿ. ಆಮೇಲೆ ನನ್ನ ಕಡೆ ತಿರುಗಿ ಉಳಿದ ಕತೆ ಮುಗಿಸಿದಳು. ಜೈದ್ ಕೂಡಿಸಿದ ಹಾಳೆಗಳು ಅಬೂಬಕರ್ ಅವರ ಬಳಿ ಇದ್ದವು, ಅವರ ನಂತರ ಉಮರ್ ಅವರ ಬಳಿ, ಆಮೇಲೆ ಉಮರ್ ಅವರ ಮಗಳು, ಪ್ರವಾದಿಯವರ ಪತ್ನಿ ಹಫ್ಸಾ ಅವರ ಬಳಿ. ಮುಂದೆ ದೂರದೂರದ ಊರುಗಳಲ್ಲಿ ಓದುವ ಬಗೆಯಲ್ಲಿ ಜಗಳ ಹುಟ್ಟಿದಾಗ ಮೂರನೆಯ ಖಲೀಫಾ ಉಸ್ಮಾನ್ ಆ ಹಾಳೆಗಳನ್ನು ಹಫ್ಸಾ ಅವರಿಂದ ಕೇಳಿ ತರಿಸಿಕೊಂಡು, ಅದೇ ಜೈದ್ ಮತ್ತು ಇನ್ನೂ ಕೆಲವರ ಕೈಯಿಂದ ಪ್ರತಿ ಮಾಡಿಸಿ ಊರೂರಿಗೆ ಕಳಿಸಿದರು. ಹಾಳೆಗಳನ್ನು ಹಫ್ಸಾ ಅವರಿಗೆ ಮರಳಿ ಮುಟ್ಟಿಸಿದರು. “ಹೆಣ್ಮಗಳ ಮನ್ಯಾಗ ಇತ್ತು,” ಎಂದು ದಾದಿ ಎರಡು ಸಲ ಹೇಳಿದಳು. ಆ ಮಾತಿಗೆ ಅವಳ ದನಿ ಸ್ವಲ್ಪ ಮೇಲೇರುತ್ತಿತ್ತು.

ದೊಡ್ಡವಳಾದ ಮೇಲೆ ನಾನು ಇದರ ಬಗ್ಗೆ ಪುಸ್ತಕಗಳನ್ನು ಓದಿದೆ. ಯಾವುದು ಯಾವಾಗ ನಡೆಯಿತು, ಎಷ್ಟು ಪ್ರತಿ ಕಳಿಸಿದರು ಎಂಬುದರಲ್ಲಿ ವಿದ್ವಾಂಸರು ಒಂದೇ ಮಾತು ಹೇಳುವುದಿಲ್ಲ. ಆ ಕಾಲದ ಅರಬಿ ಬರಹದಲ್ಲಿ ಅಕ್ಷರಗಳಿಗೆ ಚುಕ್ಕಿಗಳು ಇದ್ದದ್ದು ತೀರ ಅಪರೂಪ, ಸ್ವರದ ಗುರುತುಗಳು ಬಂದದ್ದು ಆಮೇಲೆ, ಹಾಗಾಗಿ ಬಾಯಿಂದ ಬಲ್ಲವರಿಲ್ಲದೆ ಹಾಳೆಯೊಂದೇ ಸಾಲುತ್ತಿರಲಿಲ್ಲ ಎಂದು ಓದಿದಾಗ ನನಗೆ ದಾದಿ ಎಣ್ಣೆಗೈಯಲ್ಲೇ ನನ್ನನ್ನು ಹಿಡಿದದ್ದು ನೆನ‌ಪಾಯಿತು. ನಾನು ಕನ್ನಡ ಪ್ರೂಫ್ ನೋಡುವ ಕೆಲಸದಲ್ಲಿ ಇಪ್ಪತ್ತೆಂಟು ವರ್ಷ ಕಳೆದೆ. ಬರೆದವರು ಎಷ್ಟೇ ದೊಡ್ಡವರಾಗಿದ್ದರೂ ತಪ್ಪು ಕಂಡಲ್ಲಿ ಗುರುತು ಹಾಕದೆ ಬಿಡಲು ನನ್ನಿಂದ ಆಗುತ್ತಿರಲಿಲ್ಲ. ಸಹೋದ್ಯೋಗಿಗಳು ಅದನ್ನು ಹಟ ಅನ್ನುತ್ತಿದ್ದರು.

ಆ ಸಂಜೆ ಖರ್ಜೂರ ತಿಂದು ಉಪವಾಸ ಬಿಟ್ಟ ಮೇಲೆ ದಾದಿ ಅಬ್ಬಾನಿಗೆ ತನ್ನ ತೀರ್ಮಾನ ಹೇಳಿದಳು. ಎಲ್ಲಿ ತಪ್ಪಿದೆಯೋ ಯಾರಿಗೂ ಗೊತ್ತಿಲ್ಲದ ಮೇಲೆ ಮೂವತ್ತನ್ನೂ ಮೊದಲಿಂದ ಹೇಳುವುದು. ಉಳಿದಿರುವುದು ಮೂರು ದಿನ, ದಿನಕ್ಕೆ ಹತ್ತು ಪಾರಾ.

“ಐದು ತಾಸು ಬೇಕಾಗ್ತದ ಅಮ್ಮಾ, ದಿನಾ. ಈ ಸೆಕಿಯಾಗ, ಉಪಾಸ ಇದ್ದು,” ಅಂದರು ಅಬ್ಬಾ.

“ನೀ ರಜಾ ಹಾಕ್ತೀಯೇನು? ನೀರು ತುಂಬೋರು ಬೇಕು.”

ಅಬ್ಬಾ ರಜೆ ಹಾಕಿದರು. ಅಷ್ಟೇ ಅಲ್ಲ, ಅಟ್ಟದಿಂದ ಒಂದು ಗಂಟು ಇಳಿಸಿದರು. ಒಂದು ಮಸೀದಿಯವರು ಮತ್ತೆ ಹೊಲಿಯಲು ಕೊಟ್ಟಿದ್ದ, ಮೂವತ್ತು ಪಾರಾಗಳನ್ನು ಮೂವತ್ತು ತೆಳು ಪುಸ್ತಕಗಳಾಗಿ ಮಾಡಿದ ಪ್ರತಿ ಅದರಲ್ಲಿತ್ತು. ಅವರಿಂದ ಅನುಮತಿ ಕೇಳಿ ಬಂದು, ಬೆಳಿಗ್ಗೆ ಬಂದ ಹೆಂಗಸರಲ್ಲಿ ಓದಲು ಬರುವ ಒಬ್ಬೊಬ್ಬರಿಗೆ ಒಂದೊಂದು ಪಾರಾ ಹಂಚಿದರು. ದಾದಿ ಅವರೆಲ್ಲರ ಮುಂದೆ ಕೂತು, ನಾನು ಇಪ್ಪತ್ತೇಳು ದಿನ ನಿಮಗೆ ಕೆಲವು ಕಡೆ ತಪ್ಪು ಹೇಳಿದ್ದೇನೆ, ಎಲ್ಲಿ ಅಂತ ಗೊತ್ತಿಲ್ಲ ಎಂದು ಸರಳವಾಗಿ ಹೇಳಿದಳು. ಒಬ್ಬ ಮುದುಕಿ, ನಮ್ಮಲ್ಲಿ ಕೆಲವರಿಗೆ ಗೊತ್ತಾಗಿತ್ತು ಆಪಾ, ನಿಮ್ಮ ಮೇಲಿನ ಮರ್ಯಾದೆಗೆ ಸುಮ್ಮನಿದ್ದೆವು ಅಂದಳು.

“ಆ ಮರ್ಯಾದಿ ಇವತ್ತು ಬಾಗಲ ಹೊರಗ ಚಪ್ಪಲ ಜೋಡಿ ಬಿಟ್ಟು ಬರ್ರಿ,” ಅಂದಳು ದಾದಿ. ಎಲ್ಲರೂ ನಕ್ಕರು. ಕೋಣೆ ಹಗುರವಾಯಿತು.

ನನ್ನ ಎದುರಿಗೆ, ದಾದಿಯ ಇನ್ನೊಂದು ಬದಿಗೆ, ಮನೆಯ ದೊಡ್ಡ ಕುರಾನ್ ಬಿಡಿಸಿಕೊಂಡು ಫೂಫು ಬಂದು ಕೂತಳು. ಯಾರೂ ಕರೆದಿರಲಿಲ್ಲ. ದಹಿಸರ್‌ಗೆ ಹೋಗುವ ಬದಲು ಅವಳು ಉಳಿದುಕೊಂಡಿದ್ದಳು. ಮೊದಲ ಪಾರಾದಲ್ಲಿ ಏನೂ ಆಗಲಿಲ್ಲ. ಎರಡನೆಯದರಲ್ಲಿ ಒಂದು ಮಾತು ಹಿಂದುಮುಂದಾಯಿತು. ದಾದಿ ನಿಲ್ಲದೆ ಹೋಗುತ್ತಿದ್ದಳು, ಇನ್ನೊಂದು ಕ್ಷಣ ಕಳೆದರೆ ಆ ಜಾಗ ದಾಟಿಹೋಗುತ್ತಿತ್ತು. ನಾನು ಸರಿಯಾದ ಮಾತನ್ನು ಹೇಳಿದೆ. ದನಿ ಕಿರುಚಿದಂತೆ ಬಂತು. ಅದೇ ಕ್ಷಣದಲ್ಲಿ ಫೂಫುವಿನ ಬಾಯಿಂದಲೂ ಅದೇ ಮಾತು. ದಾದಿ ನಿಂತಳು, ಹಿಂದಕ್ಕೆ ಹೋಗಿ ಆಯತ್ತನ್ನು ಸರಿಯಾಗಿ ಹೇಳಿದಳು, ಮುಂದೆ ನಡೆದಳು. ಅವಳ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ನನ್ನ ಎದೆಯೊಳಗೆ ತಿಂಗಳಿಂದ ಕೂತಿದ್ದ ಭಾರ ಇಳಿಯಿತು. ಅಂದು ಹತ್ತು, ಮರುದಿನ ಹತ್ತು ಪಾರಾ ಮುಗಿದವು. ಅಬ್ಬಾ ಒದ್ದೆ ಬಟ್ಟೆ ಹಿಂಡಿ ತಾಯಿಯ ಕೈಗೆ ಕೊಡುತ್ತಿದ್ದರು. ಗಿರಿಜಕ್ಕ ತನ್ನ ಟೇಬಲ್ ಫ್ಯಾನ್ ತಂದು ಹಚ್ಚಿ, ಬಾಗಿಲ ಹೊರಗೆ ಕೂತು ಹೂ ಕಟ್ಟಿದಳು.

ಇಪ್ಪತ್ತೊಂಬತ್ತನೆಯ ಸಂಜೆ ಎಲ್ಲರೂ ಚಾಳಿನ ಮೇಲಿನ ಗುಡ್ಡ ಹತ್ತಿದರು. ಆ ರಮಜಾನಿನಲ್ಲಿ ಚಂದ್ರ ಕಾಣಿಸದಿರಲಿ ಎಂದು ಬೇಡಿಕೊಂಡ ಮಗು ಮುಂಬಯಿಯಲ್ಲಿ ನಾನೊಬ್ಬಳೇ ಇದ್ದಿರಬೇಕು. ಚಂದ್ರ ಕಂಡಿತು. ತೆಳ್ಳಗೆ, ಸ್ಪಷ್ಟವಾಗಿ. ಮೂವತ್ತನೆಯ ದಿನವಿಲ್ಲ, ನಾಳೆಯೇ ಈದ್. ಓಡಿ ಇಳಿದು ಬಂದು ದಾದಿಗೆ ಹೇಳುವಾಗ ನನ್ನ ಕಣ್ಣು ತುಂಬಿತ್ತು, ಇನ್ನೂ ಹತ್ತು ಪಾರಾ ಉಳಿದಿದೆಯಲ್ಲ ಎಂದೆ.

“ಉಳೀಲಿ. ನಾಳೆ ಹೇಳಿದ್ರ ಯಾರು ಬ್ಯಾಡ ಅಂತಾರ? ಉಪಾಸ ಇಲ್ಲ, ನಡುನಡುವ ನೀರ ಕುಡೀಬಹುದು. ಛಲೋನ ಆತು,” ಅಂದಳು.

ಆ ವರ್ಷದ ಈದ್ ನಮ್ಮ ಮನೆಯಲ್ಲಿ ಹೀಗೆ ಕಳೆಯಿತು. ಬೆಳಗಿನ ನಮಾಜ್ ಮುಗಿಸಿ ಗಂಡಸರು ಮರಳುವ ಹೊತ್ತಿಗೆ ದಾದಿ ಇಪ್ಪತ್ತೊಂದನೆಯ ಪಾರಾ ಹಿಡಿದಿದ್ದಳು. ಹೆಂಗಸರು ಹೊಸ ಬಟ್ಟೆ, ಮೆಹಂದಿಯ ಕೈಗಳಲ್ಲಿ ತಂತಮ್ಮ ಪಾರಾ ಹಿಡಿದು ಕೂತಿದ್ದರು. ಒಂದು ಪಾರಾ ಮುಗಿದಾಗಲೆಲ್ಲ ಅಮ್ಮಿ ಬಟ್ಟಲುಗಳಲ್ಲಿ ಶೀರ್ ಖುರ್ಮಾ ಹಂಚುತ್ತಿದ್ದಳು. ಹಾಲು, ಶಾವಿಗೆ, ಖರ್ಜೂರದ ವಾಸನೆ ಕೋಣೆ ತುಂಬಿತ್ತು. ಈದ್ ಮುಬಾರಕ್ ಹೇಳಲು ಬಂದವರು ಬಾಗಿಲಲ್ಲೇ ಸುಮ್ಮನೆ ನಿಂತು, ವಿರಾಮ ಸಿಕ್ಕಾಗ ಒಳಗೆ ಬಂದು ತಬ್ಬಿಕೊಂಡು ಹೋದರು. ಇಪ್ಪತ್ತೇಳನೆಯ ಪಾರಾದ ಆ ಅಧ್ಯಾಯ ಬಂದಾಗ ಎಲ್ಲರ ಬೆನ್ನೂ ನೆಟ್ಟಗಾಯಿತು. ದಾದಿ ಮೂವತ್ತೊಂದು ಸಲವೂ ಆ ಸಾಲನ್ನು ಅದರದರ ಜಾಗದಲ್ಲಿ ಇಟ್ಟಳು. ಹೊರಗಿನಿಂದ ಗಿರಿಜಕ್ಕ ಕಟ್ಟಿದ ಒಂದು ಮೊಳ ಮಲ್ಲಿಗೆಯನ್ನು ಒಳಗೆ ಚಾಚಿ ನನ್ನ ಮಡಿಲಿಗೆ ಹಾಕಿದಳು.

ಮಧ್ಯಾಹ್ನ ಮೂರರ ಹೊತ್ತಿಗೆ ಕೊನೆಯ ಪುಟ್ಟ ಅಧ್ಯಾಯವೂ ಮುಗಿಯಿತು. ಎಲ್ಲರೂ ಕೈ ಎತ್ತಿ ಪ್ರಾರ್ಥಿಸಿದರು. ಕೆಲವರು ಅತ್ತರು, ಫೂಫುವೂ ಅತ್ತಳು. ಹೆಂಗಸರು ಪಾರಾಗಳನ್ನು ಕಣ್ಣಿಗೊತ್ತಿಕೊಂಡು ಅಬ್ಬಾನ ಕೈಗೆ ಒಪ್ಪಿಸಿ ಹೋದರು. ಕೋಣೆಯಲ್ಲಿ ಮನೆಯವರಷ್ಟೇ ಉಳಿದ ಮೇಲೆ ದಾದಿ ಕಾಲು ಚಾಚಿ ಗೋಡೆಗೆ ಒರಗಿದಳು. ಫೂಫು ತಾಯಿಯ ಪಾದ ಮಡಿಲಿಗೆಳೆದುಕೊಂಡು ಒತ್ತತೊಡಗಿದಳು.

“ರಜ್ಜು, ಮೂರು ದಿನದಾಗ ನನ್ನ ಎಷ್ಟು ಕಡೆ ತಡದಿ?”

ನಾನು ಈ ಸಲ ಪೆನ್ಸಿಲಿನಿಂದ ಗುರುತು ಮಾಡಿದ್ದೆ. ಕಡಿಮೆ ಹೇಳಬೇಕೆಂಬ ಆಸೆ ಆಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಫೂಫು ತಲೆ ಎತ್ತದೆ ಕಾಲು ಒತ್ತುತ್ತಲೇ ಇದ್ದಳು.

“ಹದಿನೇಳು,” ಎಂದೆ.

ದಾದಿ ಕಣ್ಣು ಮುಚ್ಚಿಕೊಂಡೇ ನಕ್ಕಳು.

“ನನ್ನ ಲೆಕ್ಕದಾಗೂ ಹದಿನೇಳ ಅದಾವ,” ಅಂದಳು. “ಮುಂದಿನ ವರ್ಷಾನೂ ನೀನ ಕೂಡು.”